ಬಲಕ್ಕೇ ಓಡುವ ಬಾಣ

ಮೌಸ್ ಕೆಟ್ಟಿತೆಂದು ಯಾರೂ ಅಳುವುದಿಲ್ಲ. ಬೈಯುತ್ತಾರೆ, ಮೇಜಿಗೆ ಕುಟ್ಟುತ್ತಾರೆ, ಹೊಸದೊಂದು ಕೊಡಿ ಎಂದು ಗದರುತ್ತಾರೆ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು ಕೂತವಳಿಗೆ ಇದೆಲ್ಲ ದಿನದ ಮಾತು. ಆದರೆ ಆ ಬೆಳಿಗ್ಗೆ ನಾನು ಶಟರ್ ಎತ್ತುತ್ತಿದ್ದಾಗಲೇ ಫೋನು ಬಂತು. ಆ ಕಡೆ ಕೊಟ್ಟೂರಿನ ಬಟ್ಟೆ ಅಂಗಡಿಯ ಯಜಮಾನರು ಅಳುತ್ತಿದ್ದರು.

"ತಂಗೀ, ಹೆಂಗಿದ್ದೀಯೋ ಹಂಗ ಬಾರವ್ವಾ. ಆಕಿ ಮೌಸು ಹುಚ್ಚುಚ್ಚಾರ ಓಡಾಡಾಕತ್ತೈತಿ. ಇವತ್ತ ಆಕಿ ಮಾತಾಡ್ಲೇಬೇಕು. ಮಾತಾಡ್ಲಿಲ್ಲಂದ್ರ..."

ಮುಂದಿನದು ಅವರ ಬಾಯಿಂದ ಹೊರಡಲಿಲ್ಲ.

ಆಕಿ ಅಂದರೆ ಅವರ ಹೆಂಡತಿ. ಕೊಟ್ಟೂರಿಗೆಲ್ಲ ಆಕೆ ಅಂಗಡಿ ಅಕ್ಕ. ಗಲ್ಲಾಪೆಟ್ಟಿಗೆಯ ಮುಂದೆ ಯಜಮಾನರು ಕೂತರೂ ವ್ಯಾಪಾರ ನಡೆಯುತ್ತಿದ್ದುದು ಅಕ್ಕನ ಬಾಯಿಂದ. ನೋಡಿಕೊಂಡು ಹೋಗೋಣವೆಂದು ಬಂದವರು ಸೀರೆ ತೆಗೆದುಕೊಂಡೇ ಮೆಟ್ಟಿಲಿಳಿಯುತ್ತಿದ್ದರು. ನಾನೂ ಬೇಡದ ಸೀರೆ ಕೊಂಡವಳೇ. ಅಂಥವಳಿಗೆ ಮೈಯ ಸ್ನಾಯುಗಳು ಒಂದೊಂದಾಗಿ ಕೈಬಿಡುವ ಕಾಯಿಲೆ ಬಂತು. ಮೊದಲು ಕಾಲು ಹೋಯಿತು, ಆಮೇಲೆ ಕೈ, ಆಮೇಲೆ ನಾಲಿಗೆ. ಉಳಿದದ್ದು ಕಣ್ಣು ಮತ್ತು ಬಲಗೈಯ ಹೆಬ್ಬೆರಳು.

ಆ ಹೆಬ್ಬೆರಳಿಗೆಂದೇ ನಾನು ಗುಂಡಿನ ಮೌಸ್ ತಂದುಕೊಟ್ಟಿದ್ದೆ. ಅದು ಇಟ್ಟಲ್ಲೇ ಇರುತ್ತದೆ. ನಡುವೆ ಲಿಂಬೆಹಣ್ಣಿನಷ್ಟು ದಪ್ಪದ ಗುಂಡು. ಅದನ್ನು ಉರುಳಿಸಿದರೆ ಪರದೆಯ ಮೇಲಿನ ಬಾಣ ಓಡುತ್ತದೆ. ಪರದೆ ತುಂಬ ಕನ್ನಡದ ಅಕ್ಷರಗಳು. ಒಂದು ಅಕ್ಷರದ ಮೇಲೆ ಬಾಣ ಸ್ವಲ್ಪ ಹೊತ್ತು ನಿಂತರೆ ಒತ್ತಿದ ಹಾಗೆ. ಬರೆದು ಮುಗಿದ ಮೇಲೆ ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದುತ್ತದೆ. ಅವರ ಮನೆಯ ಹಳೆಯ ಡೆಸ್ಕ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದೂ ನಾನೇ. ಮೌಸಿನ ಒಂದೊಂದು ಗುಣವನ್ನೂ, ಅದರ ವೇಗ, ಅದರ ಚುರುಕು, ಅಕ್ಕನ ಹೆಬ್ಬೆರಳಿಗೆ ತಕ್ಕಂತೆ ಅಳೆದು ಹೊಂದಿಸಿದ್ದೆ. ಅದರಲ್ಲೂ ಅಕ್ಕ ಚೌಕಾಸಿ ಮಾಡಿದ್ದಳು. ಹೊಸ ಮೌಸಿನಲ್ಲಿ ಅವಳು ಬರೆದ ಮೊದಲ ಮಾತು, "ಕೂಲಿ ಭಾಳ ಹೇಳ್ತಿ."

ಯಜಮಾನರು ಫೋನಿನಲ್ಲಿ ಸುಧಾರಿಸಿಕೊಂಡು ಹೇಳಿದ್ದು ಇಷ್ಟು. ಅಕ್ಕನ ಉಸಿರು ಇಳಿಯುತ್ತಿದೆ. ದಾವಣಗೆರೆಯ ಡಾಕ್ಟರು, ಗಂಟಲಿಗೆ ತೂತು ಮಾಡಿ ಪೈಪ್ ಹಾಕಿ ಯಂತ್ರದಿಂದ ಉಸಿರು ಕೊಡಬಹುದು ಎಂದಿದ್ದಾರೆ. ಹಾಕಿದರೆ ಬದುಕಿರುವವರೆಗೂ ಆ ಯಂತ್ರ ಬಿಡುವಂತಿಲ್ಲ. ಹಾಕದಿದ್ದರೆ ಹೆಚ್ಚು ದಿನ ಇಲ್ಲ. ಬೇಕೋ ಬೇಡವೋ ಎಂಬುದನ್ನು ಅಕ್ಕನೇ ಹೇಳಬೇಕು. ಡಾಕ್ಟರು ವಾರದ ಹಿಂದೆಯೇ ಕೇಳಿದ್ದರು. ಅಕ್ಕ "ವಿಚಾರ ಮಾಡ್ತೀನಿ" ಎಂದು ಬರೆದಿದ್ದಳು. ಈಗ ಕಾಯುವ ಹಾಗಿಲ್ಲ. ಮಧ್ಯಾಹ್ನ ಡಾಕ್ಟರು ವಿಡಿಯೊ ಕರೆ ಮಾಡಿ ಕೇಳುತ್ತಾರೆ. ಆಂಬುಲೆನ್ಸ್ ಆಗಲೇ ಬಂದು ನಿಂತಿದೆ. ಇಂಥ ಹೊತ್ತಿನಲ್ಲಿ ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್ ಆಗಿ ಕೂತಿದೆ.

ಎತ್ತಿದ ಶಟರನ್ನು ಹಾಗೆಯೇ ಎಳೆದು ಸ್ಕೂಟರ್ ಹತ್ತಿದೆ. ಕೊಟ್ಟೂರಿನ ದಾರಿಯುದ್ದಕ್ಕೂ ಒಂದೇ ಯೋಚನೆ: ಇದು ನನ್ನಿಂದ ಆಗದಿದ್ದರೆ? ನಾನು ಹುಟ್ಟಾ ಪುಕ್ಕಲಿ. ಕರೆಂಟ್ ಹೋದ ಕಂಪ್ಯೂಟರಿಗೂ ಹೆದರಿ ಹೆದರಿ ಕೈ ಹಾಕುವವಳು.

ಅಕ್ಕ ಮಂಚದ ಮೇಲೆ ದಿಂಬುಗಳಿಗೆ ಒರಗಿದ್ದಳು. ಮೂಗು ಬಾಯಿಗೆ ಆಮ್ಲಜನಕದ ಮಾಸ್ಕ್. ಪಕ್ಕದಲ್ಲಿ ಚಿಗಟೇರಿಯಿಂದ ಬಂದಿದ್ದ ಅವಳ ತಾಯಿ, ಹಣೆ ತುಂಬ ವಿಭೂತಿ, ಮಗಳ ಅಂಗಾಲು ತಿಕ್ಕುತ್ತ ಕೂತಿದ್ದರು. ನನ್ನನ್ನು ಕಂಡದ್ದೇ ಎದ್ದು ಬಂದರು.

"ಯವ್ವಾ, ನೀನರ ಹೇಳು ಇವರಿಗೆ. ಆಕಿ ಕೊಳ್ಳಾಗ ತೂತು ಹೊಡಿಯೂದು ಬ್ಯಾಡ. ಆಕಿಗೂ ಬ್ಯಾಡಾಗೇತಿ. ಎರಡು ಸರ್ತಿ ಕಣ್ಣು ಬಡಿದ್ಳು, ನಾ ನೋಡೀನಿ."

"ಒಂದ ಸಲ ಬಡಿದ್ಳು ಅತ್ತಿ!" ಯಜಮಾನರು ಕೂಗಿದರು. "ಒಂದು ಅಂದ್ರ ಹೌದು!"

ಅಕ್ಕನ ರೆಪ್ಪೆಗಳನ್ನು ನೋಡಿದೆ. ಉಸಿರಾಟದ ಕಷ್ಟಕ್ಕೆ ಅವು ಪಟಪಟ ಬಡಿದುಕೊಳ್ಳುತ್ತಲೇ ಇದ್ದವು. ಅದರಲ್ಲಿ ಯಾರಿಗೆ ಏನು ಬೇಕೋ ಅದನ್ನು ಎಣಿಸಿಕೊಳ್ಳಬಹುದಿತ್ತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

"ಸ್ವಲ್ಪ ಸುಮ್ನಿರ್ರಿ ಇಬ್ಬರೂ," ಎಂದು ಗದರಿ ಕಂಪ್ಯೂಟರ್ ಮುಂದೆ ಕೂತೆ.

ಮೊದಲ ತೊಂದರೆ ಬೇಗನೇ ಸಿಕ್ಕಿತು. ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಪರದೆಯನ್ನು ನಡೆಸುವ ವ್ಯವಸ್ಥೆಯನ್ನೇ ಬದಲಿಸಿ ಹೊಸದರಲ್ಲಿ ತೆರೆದುಕೊಂಡಿತ್ತು. ಮೌಸಿನ ವೇಗ ಹೊಂದಿಸಲು ನಾನು ಬರೆದಿಟ್ಟಿದ್ದ ಸಣ್ಣ ಫೈಲು ಹಳೆಯದಕ್ಕೆ ಮಾತ್ರ ಅರ್ಥವಾಗುತ್ತಿತ್ತು. ಲಾಗಿನ್ ಪುಟಕ್ಕೆ ಹೋಗಿ ಮೂಲೆಯಲ್ಲಿದ್ದ ಹಲ್ಲುಚಕ್ರದ ಚಿತ್ರ ಒತ್ತಿ ಹಳೆಯ ವ್ಯವಸ್ಥೆಯನ್ನು ಆರಿಸಿದೆ. ಫೈಲು ಓಡಿತು, ವೇಗ ಹಿಂದಿನಂತಾಯಿತು. ನಾನೇ ಗುಂಡು ಉರುಳಿಸಿ ನೋಡಿದೆ. ಮೇಲೆ, ಕೆಳಗೆ, ಎಡ, ಬಲ, ಎಲ್ಲ ಸರಿ. ಅಬ್ಬಾ ಎಂದುಕೊಂಡೆ.

"ಆತು ನೋಡ್ರಿ ಅಣ್ಣಾರ," ಎಂದು ಮೌಸನ್ನು ಅಕ್ಕನ ಕೈಕೆಳಗೆ ಇಟ್ಟೆ.

ಅಕ್ಕನ ಹೆಬ್ಬೆರಳು ಗುಂಡಿನ ಮೇಲೆ ಮೆಲ್ಲಗೆ ಸರಿಯಿತು. ಬಾಣ ಬಲಕ್ಕೆ ಹೋಯಿತು. ಇನ್ನೊಂದಿಷ್ಟು ಬಲಕ್ಕೆ. ಪರದೆಯ ಬಲ ಅಂಚಿಗೆ ಹೋಗಿ ನಿಂತಿತು. ಅಲ್ಲಿಂದ ಹಿಂದಕ್ಕೆ ಬರಲೇ ಇಲ್ಲ. ಅಂಚಿನಲ್ಲಿದ್ದ ಅಕ್ಷರ ತಾನಾಗಿ ಒತ್ತಿಕೊಂಡು, ಕಂಪ್ಯೂಟರ್ "ಳ, ಳ, ಳ" ಎಂದು ಓದತೊಡಗಿತು. ಅಕ್ಕನ ಕಣ್ಣಲ್ಲಿ ನೀರು ತುಂಬಿತು.

ಚುರುಕು ಸಾಲದೇನೋ ಎಂದು ಅದನ್ನು ಹೆಚ್ಚಿಸಿದೆ. ಬಾಣ ಇನ್ನೂ ಜೋರಾಗಿ ಬಲಕ್ಕೇ ಹಾರಿತು. ಕಡಿಮೆ ಮಾಡಿದೆ. ನಿಧಾನವಾಗಿ ಬಲಕ್ಕೇ ಹೋಯಿತು. ನನ್ನ ತಲೆ ಬಿಸಿಯಾಯಿತು. ಹಾಗಿದ್ದರೆ ಮೌಸನ್ನು ನಡೆಸುವ ಡ್ರೈವರ್ರೇ ಬದಲಾಗಿರಬೇಕು ಎಂದು ಅನುಮಾನಿಸಿ, ಹಳೆಯ ಡ್ರೈವರ್ ಬಳಸುವಂತೆ ಸಿಸ್ಟಮ್ಮಿನ ಫೋಲ್ಡರಿನಲ್ಲಿ ಹೊಸ ಸಂರಚನೆಯ ಫೈಲೊಂದನ್ನು ಬರೆದೆ. ಯಜಮಾನರು ಬೆನ್ನ ಹಿಂದೆ ನಿಂತು ಮತ್ತೆ ಮತ್ತೆ ಗೋಡೆ ಗಡಿಯಾರ ನೋಡುತ್ತಿದ್ದರು. ಫೈಲನ್ನು ಉಳಿಸಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ.

ಪರದೆ ಕಪ್ಪಾಗಿ ನಿಂತಿತು. ಲಾಗಿನ್ ಪುಟ ಬರಲಿಲ್ಲ. ಅಕ್ಷರವಿಲ್ಲ, ಬಾಣವಿಲ್ಲ, ಏನೂ ಇಲ್ಲ.

ಅರೆಬರೆ ಮಾತಾಡುತ್ತಿದ್ದವಳ ಬಾಯಿಗೆ ನಾನೇ ಬಟ್ಟೆ ತುರುಕಿದ ಹಾಗಾಯಿತು.

"ಏನಾತವ್ವಾ? ಹೋತಾ?" ಅಕ್ಕನ ಅವ್ವ ಕೇಳಿದರು.

"ಇಲ್ಲಬೇ, ಏನೂ ಆಗಿಲ್ಲ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಪರದೆಯ ಚಿತ್ರ ಹೋದರೂ ಲಿನಕ್ಸಿನ ಒಳಗಣ ಜೀವ ಹೋಗಿರುವುದಿಲ್ಲ. ಕಂಟ್ರೋಲ್, ಆಲ್ಟ್, ಅದರ ಜೊತೆ ಮೇಲಿನ ಸಾಲಿನ ಕೀಲಿಯೊಂದನ್ನು ಒತ್ತಿದೆ. ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳ ಲಾಗಿನ್ ಬಂತು. ಒಳಗೆ ಹೋಗಿ ನಾನು ಬರೆದಿದ್ದ ಫೈಲನ್ನು ತೆರೆದರೆ, ಅವಸರದಲ್ಲಿ ಒಂದು ಕಡೆ ಉದ್ಧರಣ ಚಿಹ್ನೆ ಮುಚ್ಚುವುದನ್ನೇ ಮರೆತಿದ್ದೆ. ತಿದ್ದುವ ಧೈರ್ಯ ಬರಲಿಲ್ಲ. ಫೈಲನ್ನೇ ಅಳಿಸಿ ಮತ್ತೆ ಶುರು ಮಾಡಿದೆ. ಅಕ್ಕನ ಕನ್ನಡ ಅಕ್ಷರಗಳ ಪರದೆ ಬಂದಾಗ ನನಗೆ ಹೋದ ಜೀವ ಬಂತು.

ಆದರೆ ಬಾಣ ಮಾತ್ರ ಬಲಕ್ಕೇ ಓಡುತ್ತಿತ್ತು.

ಯಜಮಾನರಿಗೆ ತಾಳ್ಮೆ ಮುಗಿಯಿತು. "ಅಕ್ಷರ ಬ್ಯಾಡ ಬಿಡು ತಂಗೀ. ಎರಡ ಮಾತು ದೊಡ್ಡದಾಗಿ ಹಾಕು. ಬೇಕು, ಬ್ಯಾಡ. ಯಾವುದರ ಮ್ಯಾಲ ಹೋಗ್ತಾಳೋ ನೋಡೂನು."

ಅದೂ ಸರಿ ಎನ್ನಿಸಿತು. ಪರದೆಯನ್ನು ಎರಡು ಭಾಗ ಮಾಡಿ ಎಡಕ್ಕೆ "ಬೇಕು", ಬಲಕ್ಕೆ "ಬೇಡ" ಎಂದು ದೊಡ್ಡದಾಗಿ ಬರೆದೆ. ಯಜಮಾನರು ಹೆಂಡತಿಯ ಕಿವಿಯ ಹತ್ತಿರ ಬಾಗಿ ಕೇಳಿದರು. ಹೆಬ್ಬೆರಳು ಕದಲಿತು. ಬಾಣ ಬಲಕ್ಕೆ ಸರಿದು ನಿಂತಿತು.

"ಬೇಡ," ಎಂದಿತು ಕಂಪ್ಯೂಟರ್.

ಯಜಮಾನರು ಗೋಡೆ ಹಿಡಿದುಕೊಂಡು ಕುಸಿದು ಕೂತರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, "ಕೇಳಿದ್ರಿಲ್ಲೋ? ನನ ಮಗಳು ಬ್ಯಾಡ ಅಂದ್ಳು. ಆತು, ಆಂಬುಲೆನ್ಸ್ ಕಳಿಸಿಬಿಡ್ರಿ," ಎಂದು ಅಳತೊಡಗಿದರು. ತಮ್ಮ ಮಾತೇ ಗೆದ್ದಿದ್ದರೂ ಅವರ ದುಃಖ ಹೇಳತೀರದು.

ನಾನು ಅಕ್ಕನ ಮುಖ ನೋಡಿದೆ. ಅಂಗಡಿಯಲ್ಲಿ ಎಷ್ಟೋ ಸಲ ಎದುರಿಗೆ ಕೂತು ಜಗಳವಾಡಿದ ಮುಖ. ಹೇಳಬೇಕಾದ್ದನ್ನು ಹೇಳಿದವಳ ಮುಖವಲ್ಲ ಅದು. ಕಣ್ಣಗುಡ್ಡೆಗಳು ಅತ್ತಿಂದಿತ್ತ ಹೊರಳಾಡುತ್ತಿದ್ದವು.

"ತಡೀರಿ," ಎಂದು ಎರಡು ಮಾತುಗಳನ್ನು ಅದಲು ಬದಲು ಮಾಡಿದೆ. ಈಗ ಎಡಕ್ಕೆ "ಬೇಡ", ಬಲಕ್ಕೆ "ಬೇಕು". "ಇನ್ನೊಂದು ಸಲ ಕೇಳ್ರಿ ಅಣ್ಣಾರ."

ಕೇಳಿದರು. ಬಾಣ ಬಲಕ್ಕೇ ಸರಿದು ನಿಂತಿತು.

"ಬೇಕು," ಎಂದಿತು ಕಂಪ್ಯೂಟರ್.

ಬಲಗಡೆ ಏನಿದ್ದರೂ ಅದೇ ಉತ್ತರ. ಒಂದು ಹೆಣ್ಣಿನ ಸಾವು ಬದುಕಿನ ಮಾತನ್ನು ಆಕೆಯಲ್ಲ, ಮೌಸ್ ಹೇಳುತ್ತಿತ್ತು. ಮೊದಲ ಉತ್ತರವನ್ನೇ ನಂಬಿದ್ದರೆ ಇಷ್ಟು ಹೊತ್ತಿಗೆ ಆಂಬುಲೆನ್ಸ್ ಖಾಲಿ ಹೋಗಿರುತ್ತಿತ್ತು.

ಕಪ್ಪು ಕಿಟಕಿಯೊಂದನ್ನು ತೆರೆದು, ಗುಂಡು ಕದಲಿದಾಗಲೆಲ್ಲ ಒಂದು ಸಾಲು ಅಂಕಿ ಬೀಳುವಂತೆ ಆಜ್ಞೆ ಕೊಟ್ಟೆ. ಮೌಸಿನಿಂದ ಕಂಪ್ಯೂಟರಿಗೆ ಏನು ಬರುತ್ತಿದೆ ಎಂಬುದು ಅದರಲ್ಲಿ ನೇರವಾಗಿ ಕಾಣುತ್ತದೆ. ನಾನು ಉರುಳಿಸಿದರೆ ಎರಡೂ ಕಡೆಗೆ ಸಾಲುಗಳು ಸರಸರ ಬಿದ್ದವು. ಅಕ್ಕ ಬಲಕ್ಕೆ ಉರುಳಿಸಿದಳು, ಸಾಲುಗಳು ಬಿದ್ದವು. "ಎಡಕ್ಕ ಅಕ್ಕಾ, ಎಡಕ್ಕ," ಎಂದೆ. ಹೆಬ್ಬೆರಳು ಬಿಳಿಚಿಕೊಂಡಿತು. ಒಂದು ಸಾಲೂ ಬೀಳಲಿಲ್ಲ.

ಆಗ ನನಗೆ ಹೊಳೆದದ್ದು ಅದುವರೆಗಿನ ಹೆದರಿಕೆಗಳನ್ನೆಲ್ಲ ಮೀರಿಸಿತು. ನನ್ನ ಕೈಯಲ್ಲಿ ಸರಿಯಾಗಿ ನಡೆಯುವ ಮೌಸ್ ಅವಳ ಕೈಯಲ್ಲಿ ನಡೆಯುವುದಿಲ್ಲವೆಂದರೆ, ಕೆಟ್ಟದ್ದು ಮೌಸಲ್ಲ, ಹೆಬ್ಬೆರಳು. ಕಾಲು, ಕೈ, ನಾಲಿಗೆ ಹೋದ ಹಾಗೆ ಅದೂ ಹೋಗುತ್ತಿದೆ. ಅರ್ಧ ಹೋಗಿದೆ. ಯಜಮಾನರಿಗೂ ಅದೇ ಹೊಳೆದಿರಬೇಕು. ನನ್ನ ಕಣ್ಣು ತಪ್ಪಿಸಿದರು. ಬಾಯಿಬಿಟ್ಟು ಹೇಳುವ ಎದೆಗಾರಿಕೆ ಇಬ್ಬರಿಗೂ ಇರಲಿಲ್ಲ. ಅಕ್ಕನಿಗೆ ಮಾತ್ರ ಅದು ಮೊದಲೇ ಹೊಳೆದಿತ್ತೆಂದು ಅವಳ ಕಣ್ಣು ನೋಡಿದರೆ ತಿಳಿಯುತ್ತಿತ್ತು.

ಎದ್ದು ಓಡಿಹೋಗೋಣವೆನ್ನಿಸಿತು, ನಿಜ ಹೇಳಬೇಕೆಂದರೆ. ಗಾಡಿ ಕೆಟ್ಟಿದೆ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆ, ಏನಾದರೊಂದು ನೆಪ ಹೇಳಬಹುದಿತ್ತು. ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿ ಸುಮ್ಮನೆ ಆ ಮೌಸನ್ನೇ ನೋಡುತ್ತ ಕೂತೆ. ಬೆಳಿಗ್ಗೆಯಿಂದ ಕಂಪ್ಯೂಟರಿನ ಹೊಟ್ಟೆಯೊಳಗೇ ಹುಡುಕಿದ್ದೆ. ಮೌಸನ್ನು ಒಂದು ಸಲವೂ ಅನುಮಾನಿಸಿರಲಿಲ್ಲ, ನನ್ನ ಕೈಯಲ್ಲಿ ಸರಿ ನಡೆಯಿತಲ್ಲ ಎಂದು.

ದೋಷ ಹೆಬ್ಬೆರಳಿನದೋ ಮೌಸಿನದೋ? ನೋಡುವುದಕ್ಕೆ ಒಂದೇ ದಾರಿ ಇತ್ತು. ಮೌಸನ್ನು ಹಿಂದುಮುಂದಾಗಿ ತಿರುಗಿಸಿ ಅವಳ ಕೈಕೆಳಗೆ ಇಡುವುದು. ಹೆಬ್ಬೆರಳಿಗೆ ಎಡಕ್ಕೆ ಶಕ್ತಿ ಇಲ್ಲದಿದ್ದರೆ ಮೌಸ್ ಹೇಗಿಟ್ಟರೂ ಎಡಕ್ಕೆ ಸಾಲು ಬೀಳುವುದಿಲ್ಲ. ದೋಷ ಮೌಸಿನಲ್ಲಿದ್ದರೆ ಮೌಸಿನ ಜೊತೆ ಅದೂ ತಿರುಗುತ್ತದೆ. ತಿರುಗಿಸಲು ನನಗೆ ಧೈರ್ಯವೇ ಬರಲಿಲ್ಲ. ಉತ್ತರ ಗೊತ್ತಾಗಿಬಿಟ್ಟರೆ ಅದನ್ನು ಆಮೇಲೆ ಮರೆಯುವ ಹಾಗಿಲ್ಲ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಬಾಲದಂತೆ ಹೊರಟ ತಂತಿ ಅವಳ ಕಡೆಗೆ ಬರುವಂತೆ ಮೌಸನ್ನು ತಿರುಗಿಸಿ ಇಟ್ಟೆ.

"ಎಡಕ್ಕ ಒತ್ತು ಅಕ್ಕಾ."

ಹೆಬ್ಬೆರಳು ಎಡಕ್ಕೆ ಸರಿಯಿತು. ಕಪ್ಪು ಕಿಟಕಿಯಲ್ಲಿ ಸಾಲುಗಳು ಬಿದ್ದವು. ಒಂದರ ಕೆಳಗೊಂದು, ಬಿದ್ದೇ ಬಿದ್ದವು.

"ಈಗ ಬಲಕ್ಕ."

ಒಂದೂ ಬೀಳಲಿಲ್ಲ.

"ಬೆರಳು ಚಲೋ ಐತಿ!" ನಾನು ಕಿರುಚಿಬಿಟ್ಟೆ. "ಅಣ್ಣಾರ, ಬೆರಳು ಚಲೋ ಐತ್ರೀ! ಕೆಟ್ಟಿದ್ದು ಈ ಹಾಳು ಮೌಸು!"

ಮೌಸನ್ನು ಮಗುಚಿ, ತಳದ ತೂತಿಗೆ ಪೆನ್ನು ತೂರಿಸಿ ಒತ್ತಿದೆ. ಗುಂಡು ಹೊರಗೆ ಬಂತು. ಅದು ಕೂರುವ ಬಟ್ಟಲಿನಲ್ಲಿ ಬೆಳ್ಳಗೆ ಏನೋ ಗಟ್ಟಿಕಟ್ಟಿಕೊಂಡಿತ್ತು, ಒಂದು ಮಗ್ಗುಲಿಗೆ ಹೆಚ್ಚು. ಆ ಕಡೆಗೆ ಉರುಳಿಸಿದರೆ ಗುಂಡು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು, ಬೆರಳು ಹಿಂದಕ್ಕೆ ಬರುವಾಗ ಮಾತ್ರ ಬಲಕ್ಕೆ ಉರುಳುತ್ತಿತ್ತು. ನನ್ನ ಹೆಬ್ಬೆರಳಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಅಕ್ಕನ ಹೆಬ್ಬೆರಳಿಗೆ ಅದೊಂದು ಗೋಡೆ. ಉಗುರಿನಿಂದ ಕೆರೆದು ಮೂಸಿದೆ. ವಿಭೂತಿ.

ಅವ್ವನ ಕಡೆ ನೋಡಿದೆ. ಅವರ ಮುಖ ಆಗಲೇ ಕಪ್ಪಿಟ್ಟಿತ್ತು.

"ದಿನಾ ಪೂಜಿ ಆದಮ್ಯಾಲೆ ಒಂದೀಟು ಹಚ್ತಿದ್ನವ್ವಾ," ಎಂದರು. "ಮೂರು ಬೆರಳು ಹಸಿ ಮಾಡಿ ಆ ಗುಂಡಿಗೆ ಹಚ್ಚೂದು. ಅಳಿಯಾರು ಬೈದಾರು ಅಂತ ಸೆರಗಿಲೆ ಒರಸಿಬಿಡ್ತಿದ್ದೆ. ನೀನ ಅಂದಿದ್ದೆಲ್ಲಾ, ಇನ್ನ ಮುಂದ ಇದ ಆಕಿ ನಾಲಿಗಿ, ಜ್ವಾಕಿ ಮಾಡ್ರಿ ಅಂತ. ಅದಕ್ಕ."

ಅಂದಿದ್ದೆ. ಮೌಸ್ ಕೊಟ್ಟ ದಿನ, ಮನೆಯವರಿಗೆಲ್ಲ ಕೇಳಿಸಲೆಂದು.

"ನಾನ ನನ ಮಗಳ ನಾಲಿಗಿ ಕಟ್ಟಿದ್ನಲ್ಲೋ ಶಿವನೇ!" ಎಂದು ಅವ್ವ ಹಣೆ ಹಣೆ ಬಡಿದುಕೊಂಡರು. ಯಜಮಾನರ ಸಿಟ್ಟು ನೆತ್ತಿಗೇರಿತ್ತು. "ಏನ್ ಮಾಡಿಟ್ರಿ ಅತ್ತಿ! ನೀವು ಈ ಸಲ ಬಂದಾಗಿಂದ ಆಕಿ ಬರೆಯೂದು ನಿಧಾನ ಆತು. ದಣದಾಳ ಅಂತ ನಾ ತಿಳಕೊಂಡೆ. ಆಕಿ ಬಾಯಾಗ ಮಣ್ಣು ಹಾಕಿದ್ರಿ!"

ಆ ಜಗಳದ ನಡುವೆಯೇ ಬಟ್ಟಲನ್ನು ಹತ್ತಿಯಿಂದ ಒರೆಸಿದೆ. ಒಳಗಿನ ಪುಟ್ಟ ಮಣಿಗಳನ್ನು, ಗುಂಡನ್ನು ಓದುವ ಬೆಳಕಿನ ಕಣ್ಣನ್ನು ಸ್ವಚ್ಛ ಮಾಡಿದೆ. ಗುಂಡನ್ನು ತೊಳೆದು ಒಣಗಿಸಿ ಕೂರಿಸಿ ಅಕ್ಕನ ಕೈಕೆಳಗೆ ಸರಿಯಾಗಿ ಇಟ್ಟೆ. ಅಷ್ಟರಲ್ಲಿ ಡಾಕ್ಟರ ಕರೆ ಬಂತು. ಯಜಮಾನರು ಫೋನನ್ನು ಅಕ್ಕನಿಗೆ ಕಾಣುವಂತೆ ಹಿಡಿದರು.

ನಾನು ನಡುವೆ ಬಾಯಿ ಹಾಕಿದೆ. "ಸಾರ್, ಮೌಸು ಈಗ ರಿಪೇರಿ ಆಗೇತಿ. ಒಂದ ಉತ್ತರ ನಂಬಬ್ಯಾಡ್ರಿ. ಎರಡು ಸಲ ಕೇಳ್ರಿ, ನಾ ಬೇಕು ಬೇಡ ಅದಲು ಬದಲು ಮಾಡ್ತೀನಿ."

"ಒಳ್ಳೇದಾಯ್ತು, ಹಾಗೇ ಮಾಡೋಣ," ಎಂದರು ಡಾಕ್ಟರು.

ಅಕ್ಕ ನಮಗೆ ಅಷ್ಟು ಅವಕಾಶವನ್ನೇ ಕೊಡಲಿಲ್ಲ. ಬಾಣ ಎಡಕ್ಕೆ ಹೊರಟಿತು. ಎಡಕ್ಕೆ! ನನ್ನ ಎರಡು ಮಾತುಗಳನ್ನು ದಾಟಿ ಮೂಲೆಯಲ್ಲಿದ್ದ ಅಕ್ಷರಗಳ ಗುರುತಿಗೆ ಹೋಗಿ ನಿಂತಿತು. ಅಕ್ಷರಗಳ ಪರದೆ ತೆರೆಯಿತು. ಹೆಬ್ಬೆರಳು ಒಂದೊಂದೇ ಅಕ್ಷರ ಹೆಕ್ಕತೊಡಗಿತು. ಮೌಸ್ ಸರಿಯಾಗಿತ್ತು, ಇನ್ನು ಬರುವುದು ಅವಳದೇ ಮಾತು, "ಬೇಡ" ಎಂದರೂ ಅವಳದೇ. ಅದಕ್ಕೇ ಈಗಿನ ಹೆದರಿಕೆ ಬೆಳಗಿನಿಂದ ಪಟ್ಟದ್ದಕ್ಕಿಂತ ಹೆಚ್ಚಾಗಿತ್ತು.

ಕಂಪ್ಯೂಟರ್ ಓದಿತು: "ಅವ್ವಗ ಬೈಬ್ಯಾಡ್ರಿ."

ಅವ್ವ ಹಣೆ ಬಡಿದುಕೊಳ್ಳುತ್ತಿದ್ದ ಕೈ ಅಲ್ಲೇ ನಿಂತಿತು. ಹೆಬ್ಬೆರಳು ಮತ್ತೆ ಹೊರಟಿತು.

"ಪೈಪ ಹಾಕಸ್ರಿ. ಇನ್ನ ಮಾತಾಡೂದು ಭಾಳ ಐತಿ."

ಯಜಮಾನರು ಫೋನು ಹಿಡಿದೇ ಬಿಕ್ಕಿ ಬಿಕ್ಕಿ ಅತ್ತರು. ಡಾಕ್ಟರು ಮೊದಲೇ ಒಪ್ಪಿದಂತೆ ಎರಡು ಸಲ ಕೇಳಿದರು, ನಾನು ಮಾತುಗಳನ್ನು ಅದಲು ಬದಲು ಮಾಡಿದೆ. ಒಮ್ಮೆ ಬಾಣ ಎಡಕ್ಕೆ ಹೋಯಿತು, ಒಮ್ಮೆ ಬಲಕ್ಕೆ. ಎರಡು ಸಲವೂ "ಬೇಕು".

ಅಕ್ಕನನ್ನೂ ಕಂಪ್ಯೂಟರನ್ನೂ ಆಂಬುಲೆನ್ಸಿಗೆ ಹತ್ತಿಸುವಾಗ ಮೌಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅವ್ವನ ಕೈಗೆ ಕೊಟ್ಟೆ. ಹೊರಡುವ ಮುಂಚೆ ಅವರ ಕೈ ರೂಢಿಯಂತೆ ಸಂಚಿಯೊಳಗಿನ ವಿಭೂತಿ ಗಟ್ಟಿಗೆ ಹೋಯಿತು, ಮೌಸಿನ ಗಂಟಿನ ಮೇಲೆ ಬಂದು ತಡೆದು ನಿಂತಿತು. ದಿಕ್ಕು ತೋಚದೆ ನನ್ನ ಮುಖ ನೋಡಿದರು. ನಾನು ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ ಹಣೆಗೆ ವಿಭೂತಿಯಲ್ಲ, ಭಂಡಾರದ ಅರಿಶಿನ ಹಚ್ಚಿಕೊಂಡು ಬೆಳೆದವಳು. ಆದರೂ ಬಾಗಿ ಹಣೆ ಒಡ್ಡಿದೆ. ಮೂರು ಬೆರಳು ಎಳೆದರು.

ಆಮೇಲಿನ ದಿನಗಳಲ್ಲಿ ನಾನು ನೆಟ್ಟಗೆ ಕೆಲಸ ಮಾಡಲಿಲ್ಲ. ಫೋನು ಸದ್ದಾದರೆ ಬೆಚ್ಚುತ್ತಿದ್ದೆ. ಆಪರೇಷನ್ ಆಯಿತೆಂದು ಯಜಮಾನರು ಹೇಳಿದರೂ ಹೆದರಿಕೆ ಬಿಡಲಿಲ್ಲ. ಅವಳು ಎದ್ದು ಬರೆಯುತ್ತಾಳೋ ಇಲ್ಲವೋ. ಒಂದು ಬೆಳಿಗ್ಗೆ ಶಟರಿನ ಬೀಗಕ್ಕೆ ಕೈ ಹಾಕಿದ್ದೆ, ಯಜಮಾನರ ನಂಬರಿನಿಂದ ಸಂದೇಶ ಬಂತು. ತೆರೆಯುವ ಮೊದಲು ಮೆಟ್ಟಿಲ ಮೇಲೆ ಕೂತುಕೊಂಡೆ.

"ಬಾಣ ಭಾಳ ನಿಧಾನ ಓಡ್ತೈತಿ. ಬಂದು ಜೋರ ಮಾಡಿಕೊಡು. ಇಲ್ಲಿ ನರ್ಸಗಳ ಜೋಡಿ ಜಗಳಾಡಾಕ ಆಗವಲ್ದು. ಕೂಲಿ ಮಾತ್ರ ಮೊದಲಿನಷ್ಟ."